ಬೆಂಗಳೂರಿನಲ್ಲಿ ಮನೆ ಅಥವಾ ನಿವೇಶನ ಖರೀದಿ: ಬಡಾವಣೆಯ ಆಯ್ಕೆಗೆ ಮುನ್ನ ಸಾರ್ವಜನಿಕರು ಪರಿಶೀಲಿಸಬೇಕಾದ ಅಂಶಗಳು

ಬೆಂಗಳೂರು ನಗರದಲ್ಲಿ ವಾಸದ ಮನೆ ಅಥವಾ ನಿವೇಶನವನ್ನು ಖರೀದಿಸಲಿಚ್ಛಿಸುವ ಸಾರ್ವಜನಿಕರು ಸಾಮಾನ್ಯವಾಗಿ ಮೊದಲು ಬಡಾವಣೆಯ ಹೆಸರನ್ನು, ಅನಂತರ ಬೆಲೆಯನ್ನು, ಕೊನೆಯಲ್ಲಿ ದಾಖಲೆಗಳನ್ನು ವಿಚಾರಿಸುತ್ತಾರೆ. ಈ ಕ್ರಮವು ಹಿಂದುಮುಂದಾಗಿರುವುದೇ ಅನೇಕ ತೊಂದರೆಗಳಿಗೆ ಕಾರಣವಾಗಿರುತ್ತದೆ. ಒಂದೇ ಹೆಸರಿನಿಂದ ಕರೆಯಲ್ಪಡುವ ಪ್ರದೇಶದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆ, ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆ, ಹಳೆಯ ಗ್ರಾಮಠಾಣಾ ಹಾಗೂ ಯಾವುದೇ ಅನುಮೋದನೆಯಿಲ್ಲದ ರೆವಿನ್ಯೂ ನಿವೇಶನಗಳು ಅಕ್ಕಪಕ್ಕದ ರಸ್ತೆಗಳಲ್ಲಿಯೇ ಇರುವುದುಂಟು. ನಾಮಫಲಕದಲ್ಲಿರುವ ಹೆಸರು ಒಂದೇ ಆದರೂ ಹಕ್ಕು, ನೀರು, ಚರಂಡಿ ಹಾಗೂ ಬ್ಯಾಂಕ್ ಸಾಲದ ವಿಷಯದಲ್ಲಿ ಒಂದು ರಸ್ತೆಗೂ ಮುಂದಿನ ರಸ್ತೆಗೂ ಅಜಗಜಾಂತರವಿರುತ್ತದೆ. ಆದುದರಿಂದ ಬಡಾವಣೆಯ ಹೆಸರಿಗಿಂತ ಆ ಸ್ವತ್ತು ಯಾವ ಗ್ರಾಮದ ಯಾವ ಸರ್ವೆ ನಂಬರಿಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಸೂಕ್ತ.

ಬಡಾವಣೆಗಳ ಹಿನ್ನೆಲೆ

ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡವು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು ಜಯನಗರ, ರಾಜಾಜಿನಗರ ಮುಂತಾದವುಗಳನ್ನು ರಚಿಸಿತು. 1976ರ ಅಧಿನಿಯಮದ ಮೇರೆಗೆ ಈ ಕಾರ್ಯವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ವಹಿಸಲ್ಪಟ್ಟಿತು. ಇಂತಹ ಬಡಾವಣೆಗಳಲ್ಲಿ ರಸ್ತೆ, ಚರಂಡಿ ಮತ್ತು ಉದ್ಯಾನದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದ ನಂತರವೇ ನಿವೇಶನಗಳು ಹಂಚಿಕೆಯಾದವು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಗ್ರಾಮಗಳು ಸೇರ್ಪಡೆಗೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಈ ಹೊರವಲಯದ ಹಲವೆಡೆ ನಿವೇಶನಗಳ ಮಾರಾಟ ಮೊದಲಾಯಿತು, ರಸ್ತೆ ಚರಂಡಿಗಳು ಅನಂತರ ಬಂದವು. ಸದರಿ ಪಾಲಿಕೆಯ ಬದಲಿಗೆ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುತ್ತವೆ. ಸ್ವತ್ತು ಇವುಗಳಲ್ಲಿ ಯಾವುದಕ್ಕೆ ಸೇರಿದೆ, ಅಥವಾ ಇನ್ನೂ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಪ್ರಾಧಿಕಾರದ ಬಡಾವಣೆಯೆಂದ ಮಾತ್ರಕ್ಕೆ ಪರಿಶೀಲನೆ ಬೇಡವೆಂದಲ್ಲ. ಪ್ರಾಧಿಕಾರವು ನಿವೇಶನವನ್ನು ಮೊದಲಿಗೆ ಗುತ್ತಿಗೆ ಸಹಿತ ಮಾರಾಟ ಕರಾರಿನ ಮೇಲೆ ನೀಡುತ್ತಿದ್ದು, ಶುದ್ಧ ಕ್ರಯಪತ್ರವು ಗುತ್ತಿಗೆ ಅವಧಿ ಮುಗಿದ ನಂತರ ದೊರೆಯುತ್ತದೆ. ಮೂಲ ಹಂಚಿಕೆದಾರರ ಬಳಿ ಶುದ್ಧ ಕ್ರಯಪತ್ರವಿಲ್ಲದೆ ಕೇವಲ ಅಧಿಕಾರ ಪತ್ರದ ಮೇಲೆ ಮಾರಾಟಕ್ಕೆ ಬಂದ ನಿವೇಶನವನ್ನು ಖರೀದಿಸದಿರುವುದು ಒಳಿತು.

ಸರ್ವೆ ನಂಬರಿನ ಪರಿಶೀಲನೆ

ಭೂಮಾಪನ, ಕಂದಾಯ ವ್ಯವಸ್ಥೆ ಹಾಗೂ ಭೂದಾಖಲೆಗಳ ಇಲಾಖೆಯ ‘ದಿಶಾಂಕ್’ ತಂತ್ರಾಂಶದ ಸಹಾಯದಿಂದ, ನಿವೇಶನದಲ್ಲಿ ನಿಂತು ಮೊಬೈಲ್ ದೂರವಾಣಿಯಲ್ಲಿಯೇ ಸದರಿ ಸ್ಥಳದ ಸರ್ವೆ ನಂಬರನ್ನು ತಿಳಿಯಬಹುದಾಗಿದೆ. ಗ್ರಾಮನಕ್ಷೆಯಲ್ಲಿರುವ ಕೆರೆ ಹಾಗೂ ಹಳ್ಳಗಳ ಗುರುತೂ ಇದರಲ್ಲಿ ಕಾಣುತ್ತದೆ. ಆದರೆ ಇದು ಪ್ರಾಥಮಿಕ ಮಾಹಿತಿಗಾಗಿ ಮಾತ್ರ. ಗ್ರಾಮನಕ್ಷೆ ಹಾಗೂ ಟಿಪ್ಪಣಿಯ ದೃಢೀಕೃತ ಪ್ರತಿಗಳನ್ನು ಇಲಾಖೆಯಿಂದಲೇ ಪಡೆಯತಕ್ಕದ್ದು.

ಸರ್ವೆ ನಂಬರು ತಿಳಿದ ನಂತರ ಪಹಣಿಯಲ್ಲಿ ಖರಾಬಿನ ವಿಸ್ತೀರ್ಣವನ್ನು ಗಮನಿಸಬೇಕು. ‘ಅ’ ಖರಾಬು ಎಂದರೆ ಸಾಗುವಳಿಗೆ ಯೋಗ್ಯವಲ್ಲದ ಭೂಮಿ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿದ ಭೂಮಿಯಾಗಿದ್ದು, ಇದನ್ನು ಮಾರಾಟ ಮಾಡುವ ಹಕ್ಕು ಯಾವ ಖಾತೆದಾರರಿಗೂ ಇರುವುದಿಲ್ಲ. ಎರಡು ಎಕರೆ ಜಮೀನಿನಲ್ಲಿ ನಾಲ್ಕು ಗುಂಟೆ ‘ಬ’ ಖರಾಬು ಇದ್ದರೆ, ಆ ನಾಲ್ಕು ಗುಂಟೆ ಯಾರ ನಿವೇಶನದ ಕೆಳಗೆ ಬಂದಿದೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರ ಮೇರೆಗೆ ಭೂಪರಿವರ್ತನೆ ಆದೇಶವಾಗಿದೆಯೇ, ಹಾಗೂ ಜಮೀನು 1978ರ ಅನುಸೂಚಿತ ಜಾತಿ ಮತ್ತು ಬುಡಕಟ್ಟುಗಳ ಕೆಲವು ಭೂಮಿಗಳ ಪರಭಾರೆ ನಿಷೇಧ ಅಧಿನಿಯಮಕ್ಕೆ ಒಳಪಡುವ ಮಂಜೂರಾತಿ ಜಮೀನೇ ಎಂಬುದನ್ನೂ ನೋಡತಕ್ಕದ್ದು.

ಭೂಸ್ವಾಧೀನದ ಅಧಿಸೂಚನೆಯನ್ನು ಬಹುತೇಕ ಖರೀದಿದಾರರು ವಿಚಾರಿಸುವುದೇ ಇಲ್ಲ. ಡಾ. ಶಿವರಾಮ ಕಾರಂತ ಬಡಾವಣೆಗಾಗಿ 2008ರ ಡಿಸೆಂಬರ್‌ನಲ್ಲಿ ನಗರದ ಉತ್ತರ ಭಾಗದ 17 ಗ್ರಾಮಗಳ ಜಮೀನುಗಳಿಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಲಾಯಿತು. ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2018ರ ಆಗಸ್ಟ್ 3ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿ, ಬಡಾವಣೆಯನ್ನು ಮುಂದುವರಿಸುವಂತೆ ನಿರ್ದೇಶಿಸಿತು. ಈ ಹತ್ತು ವರ್ಷಗಳ ನಡುವೆ ಅಲ್ಲಿ ನಿವೇಶನ ಕೊಂಡು, ಸಾಲ ಮಾಡಿ ಮನೆ ಕಟ್ಟಿದ್ದ ಕುಟುಂಬಗಳು ತಮ್ಮ ಮನೆಯನ್ನು ಉಳಿಸಿಕೊಳ್ಳಲು, ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ರಚಿಸಿದ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯ ಮುಂದೆ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕಾಯಿತು. ಅವರಲ್ಲಿ ಅನೇಕರ ಬಳಿ ನೋಂದಾಯಿತ ಕ್ರಯಪತ್ರವಿತ್ತು. ನೋಂದಣಿಯಾದುದರಿಂದಲೇ ಹಕ್ಕು ಸಿದ್ಧಿಸಿತೆಂಬ ಭಾವನೆ ಸರಿಯಲ್ಲ. ಉಪನೋಂದಣಾಧಿಕಾರಿಗಳು ದಸ್ತಾವೇಜನ್ನು ನೋಂದಾಯಿಸುತ್ತಾರೆಯೇ ಹೊರತು ಮಾರಾಟಗಾರರ ಹಕ್ಕಿಗೆ ಖಾತರಿ ನೀಡುವುದಿಲ್ಲ.

ನೀರು ಹರಿಯುವ ದಾರಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ಮಳೆಯ ನೀರು ಮುಖ್ಯವಾಗಿ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಹಾಗೂ ಹೆಬ್ಬಾಳ ಕಣಿವೆಗಳ ಮೂಲಕ, ಒಂದು ಕೆರೆಯಿಂದ ಇನ್ನೊಂದು ಕೆರೆಗೆ ರಾಜಕಾಲುವೆಗಳಲ್ಲಿ ಇಳಿಯುತ್ತದೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವೂ ಬಂದಿವೆ. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ಊರಿನ ಹೆಸರೂ ಒಂದು ದಾಖಲೆಯೇ: ಬೊಮ್ಮಸಂದ್ರ, ಸಿಂಗಸಂದ್ರ, ದೊಡ್ಡಕಲ್ಲಸಂದ್ರ ಎಂಬಲ್ಲಿನ ‘ಸಂದ್ರ’ವು ‘ಸಮುದ್ರ’ದ ಆಡುರೂಪವಾಗಿದ್ದು, ಹಿಂದೆ ದೊಡ್ಡ ಕೆರೆಗೆ ಸಮುದ್ರವೆನ್ನುವ ವಾಡಿಕೆಯಿತ್ತು. ಹೊಸಕೆರೆಹಳ್ಳಿಯ ವಿಷಯದಲ್ಲಿ ವಿವರಣೆಯೇ ಬೇಡ. ಇಂತಹ ಊರುಗಳೆಲ್ಲವೂ ಮುಳುಗುತ್ತವೆ ಎಂದು ಇದರ ಅರ್ಥವಲ್ಲ. ಕೆರೆಯ ಅಂಗಳ ಮತ್ತು ಕೋಡಿ ಎಲ್ಲಿದ್ದವು ಎಂದು ಊರಿನ ಹಿರಿಯರನ್ನು ಕೇಳಬೇಕೆಂದು ಅರ್ಥ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಹಾಗೂ ಸರ್ಜಾಪುರ ರಸ್ತೆಯ ಕೆಲವು ಬಡಾವಣೆಗಳು ಜಲಾವೃತಗೊಂಡು, ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಅವುಗಳಲ್ಲಿ ಬಹಳ ದುಬಾರಿ ಮನೆಗಳೂ ಇದ್ದವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದಲ್ಲಿ, 2025ರ ಮೇ ತಿಂಗಳಿನಲ್ಲಿ ಹೊರಮಾವು ಬಳಿಯ ಸಾಯಿ ಬಡಾವಣೆಯಲ್ಲಿ ಮನೆಗಳಿಗೆ ನೀರು ನುಗ್ಗಿತು.

2007ರಲ್ಲಿ ಅನುಮೋದನೆಗೊಂಡ ಮಹಾಯೋಜನೆ-2015ರಲ್ಲಿ ಕೆರೆಯ ಅಂಚಿನಿಂದ 30 ಮೀಟರ್, ಪ್ರಾಥಮಿಕ ರಾಜಕಾಲುವೆಯ ಮಧ್ಯದಿಂದ 50, ದ್ವಿತೀಯದಿಂದ 25 ಹಾಗೂ ತೃತೀಯದಿಂದ 15 ಮೀಟರ್ ಮೀಸಲು ವಲಯವನ್ನು ನಿಗದಿಪಡಿಸಲಾಯಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರಲ್ಲಿ ಹೆಚ್ಚಿಸಿದ ಅಂತರವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್‌ನಲ್ಲಿ ರದ್ದುಪಡಿಸಿದೆ. ಇಂತಹ ಅಂತರಗಳು ತಿದ್ದುಪಡಿಗೆ ಒಳಪಡುವುದರಿಂದ, ಖರೀದಿಯ ದಿನದಂದು ಜಾರಿಯಲ್ಲಿರುವ ಅಂತರವನ್ನು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸತಕ್ಕದ್ದು.

ನಿವೇಶನವನ್ನು ಭಾನುವಾರದ ಬಿಸಿಲಿನಲ್ಲಿ ಮಾತ್ರ ನೋಡಿ ಬರುವುದು ಸಾಲದು. ಜೋರು ಮಳೆ ಬಂದ ಮರುದಿನ ಹೋಗಿ, ಸುತ್ತಲಿನ ಕಾಂಪೌಂಡ್ ಗೋಡೆಗಳ ಮೇಲೆ ನೀರು ನಿಂತ ಗೆರೆಯಿದೆಯೇ, ಅಕ್ಕಪಕ್ಕದವರು ಹೊಸ್ತಿಲನ್ನು ಎತ್ತರಿಸಿಕೊಂಡಿದ್ದಾರೆಯೇ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ.

ಕುಡಿಯುವ ನೀರು

ಹಿಂದಿನ 110 ಗ್ರಾಮಗಳ ವ್ಯಾಪ್ತಿಗಾಗಿ ದಿನವೊಂದಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡಿದೆ. ರಸ್ತೆಯಲ್ಲಿ ಕೊಳವೆ ಹಾಕಿರುವುದಕ್ಕೂ ಮನೆಗೆ ಸಂಪರ್ಕ ದೊರೆತಿರುವುದಕ್ಕೂ ವ್ಯತ್ಯಾಸವಿದೆ. ಜಲಮಂಡಳಿಯ ಬಿಲ್ಲನ್ನು ಕೇಳಿ ನೋಡತಕ್ಕದ್ದು. ಬಿಲ್ಲಿಲ್ಲದಿದ್ದಲ್ಲಿ, 2024ರ ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ತರಿಸಲಾಯಿತು ಎಂದು ನೆರೆಯವರನ್ನು ವಿಚಾರಿಸಬಹುದು. 30×40 ಅಡಿ ಅಳತೆಯ ನಿವೇಶನದಲ್ಲಿ ಹೊಸದಾಗಿ ಮನೆ ಕಟ್ಟುವವರಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿರುತ್ತದೆ.

ಖಾತೆ ಮತ್ತು ಇತರೆ ದಾಖಲೆಗಳು

ಖಾತೆಯು ಆಸ್ತಿ ತೆರಿಗೆಗಾಗಿ ಇರಿಸುವ ದಾಖಲೆಯಾಗಿದ್ದು, ಹಕ್ಕುಪತ್ರವಲ್ಲ. ಅನುಮೋದನೆಯಿಲ್ಲದ ಸ್ವತ್ತುಗಳು ‘ಬಿ’ ವಹಿಯಲ್ಲಿ ದಾಖಲಾಗಿರುತ್ತವೆ. ಇವುಗಳನ್ನು ‘ಎ’ ಖಾತೆಗೆ ಪರಿವರ್ತಿಸುವ ಯೋಜನೆಯನ್ನು ಸರ್ಕಾರವು 2025ರಲ್ಲಿ ಪ್ರಕಟಿಸಿದೆ. ಮುಂದೆ ‘ಎ’ ಖಾತೆ ಆಗಲಿದೆ ಎಂಬ ಭರವಸೆಯ ಮೇಲೆ ಪೂರ್ಣ ಬೆಲೆ ತೆರುವ ಬದಲು, ಪರಿವರ್ತನೆ ಮಾಡಿಸಿಯೇ ಕ್ರಯ ಮಾಡಿಕೊಡುವಂತೆ ಮಾರಾಟಗಾರರನ್ನು ಕೋರುವುದು ಲೇಸು. ನಗರದಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯಗೊಳಿಸಲಾಗಿದೆ.

ಖಾಸಗಿ ಬಡಾವಣೆಯಾದಲ್ಲಿ ಅನುಮೋದಿತ ನಕ್ಷೆಯ ಜೊತೆಗೆ, ರಸ್ತೆ ಮತ್ತು ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರವನ್ನೂ ನೋಡತಕ್ಕದ್ದು. ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿದ ಜಾಗವನ್ನೇ ನಿವೇಶನವನ್ನಾಗಿ ಮಾರಿರುವ ಪ್ರಕರಣಗಳೂ ಉಂಟು. ವಸತಿ ಸಮುಚ್ಚಯವು 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿದ್ದು ಎಂಟಕ್ಕಿಂತ ಹೆಚ್ಚು ಮನೆಗಳನ್ನು ಹೊಂದಿದ್ದರೆ, 2016ರ ಸ್ಥಿರಾಸ್ತಿ ನಿಯಂತ್ರಣ ಅಧಿನಿಯಮದ ಮೇರೆಗೆ ರೇರಾ ನೋಂದಣಿ ಅಗತ್ಯ. ಕಟ್ಟಿದ ಮನೆಗೆ ಸ್ವಾಧೀನಾನುಭವ ಪತ್ರವಿದ್ದಲ್ಲಿ ಮಾತ್ರ ವಿದ್ಯುತ್ ಮತ್ತು ನೀರಿನ ಸಂಪರ್ಕ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಆದೇಶಿಸಿರುವುದರಿಂದ, ಈ ಪತ್ರವಿಲ್ಲದ ಮನೆಯನ್ನು ಅಗ್ಗವೆಂದು ಕೊಳ್ಳುವವರು ಎರಡು ಬಾರಿ ಲೆಕ್ಕ ಹಾಕಬೇಕಾಗುತ್ತದೆ.

ಮೆಟ್ರೋ ನಿಲ್ದಾಣ, ಶಾಲೆ, ಆಸ್ಪತ್ರೆಗಳ ದೂರವನ್ನು ಖರೀದಿದಾರರು ತಾವಾಗಿಯೇ ವಿಚಾರಿಸುವುದರಿಂದ ಇಲ್ಲಿ ವಿವರಿಸಿಲ್ಲ. ಕಚೇರಿಗೆ ಹೋಗುವ ಸಮಯದಲ್ಲಿಯೇ ಒಮ್ಮೆ ಪ್ರಯಾಣಿಸಿ ನೋಡಿದರೆ ಸಾಕು.

ಋಣಭಾರ ಪ್ರಮಾಣ ಪತ್ರವನ್ನು ಕನಿಷ್ಠ 30 ವರ್ಷಗಳ ಅವಧಿಗೆ ‘ಕಾವೇರಿ’ ಜಾಲತಾಣದ ಮೂಲಕ ಅಥವಾ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದಾಗಿದೆ. ಭೂಸ್ವಾಧೀನದ ಬಗ್ಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ, ಭೂಪರಿವರ್ತನೆಯ ಬಗ್ಗೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಖಾತೆಯ ಬಗ್ಗೆ ಸಂಬಂಧಪಟ್ಟ ಪಾಲಿಕೆಯ ಸಹಾಯಕ ಕಂದಾಯ ಅಧಿಕಾರಿಗಳಲ್ಲಿ ಸರ್ವೆ ನಂಬರನ್ನು ನಮೂದಿಸಿ ಅರ್ಜಿ ಸಲ್ಲಿಸಬಹುದು. ಲಿಖಿತ ಉತ್ತರ ಕೈಸೇರುವವರೆಗೆ ಮುಂಗಡ ಹಣ ನೀಡದಿರುವುದು ಕ್ಷೇಮ.