ರುಫೈದಾರ ಡೇರೆ

ಹಿಜರಿ 5ರ ಖಂದಕ್ ಯುದ್ಧದಲ್ಲಿ ಔಸ್ ಗೋತ್ರದ ನಾಯಕ ಸಅದ್ ಬಿನ್ ಮುಆದ್(ರ)ರ ತೋಳಿನ ರಕ್ತನಾಳಕ್ಕೆ ಬಾಣ ತಗಲಿತು. ಪ್ರವಾದಿವರ್ಯರು(ಸ) ಅವರಿಗಾಗಿ ಮದೀನಾದ ಮಸೀದಿಯಲ್ಲೇ ಡೇರೆ ಹಾಕಿಸಿದರು. ಹತ್ತಿರವಿದ್ದರೆ ಆಗಾಗ ಹೋಗಿ ನೋಡಬಹುದಲ್ಲ! ಗಾಯಾಳುಗಳ ಶುಶ್ರೂಷೆಯಲ್ಲಿ ಪಳಗಿದ್ದ ಅಸ್ಲಮ್ ಗೋತ್ರದ ರುಫೈದಾ(ರ) ಆರೈಕೆಗೆ ನಿಂತರು. ಆ ಕಡೆ ಹಾದುಹೋಗುವಾಗ ಪ್ರವಾದಿವರ್ಯರು(ಸ) ಬೆಳಿಗ್ಗೆಯೂ ಸಂಜೆಯೂ 'ಹೇಗಿದ್ದೀರಿ' ಎಂದು ವಿಚಾರಿಸುತ್ತಿದ್ದರು.

ಗಾಯಕ್ಕೆ ಮದ್ದು, ಮನಸ್ಸಿಗೆ ಸಾಂತ್ವನ ಎರಡೂ ಒಂದೇ ಡೇರೆಯಲ್ಲಿದ್ದವು. ನಾವಾದರೋ ದುಆ ಸಂಬಂಧಿಕರ ಪಾಲು, ಸೂಜಿ ನರ್ಸಮ್ಮನ ಪಾಲು ಎಂದು ಹಂಚಿಬಿಟ್ಟಿದ್ದೇವೆ. ನಡುರಾತ್ರಿ ರೋಗಿ ಹೆದರಿ ಎದ್ದು ಕುಳಿತಾಗ ಪಕ್ಕದಲ್ಲಿರುವುದು ಆಕೆಯೇ, ಯಾವ ಧರ್ಮದವರೇ ಆಗಿರಲಿ.

ಸಅದ್(ರ) ಕೊನೆಗೆ ಅದೇ ಗಾಯದಿಂದ ಹುತಾತ್ಮರಾದರು. ಗುಣವಾಗದ ಆ ರೋಗಿಯನ್ನು ದಿನಾಲೂ ಕೇಳಿದ ಪ್ರಶ್ನೆಯನ್ನು ಹದೀಸ್ ಸಂಗ್ರಾಹಕರು ಬಿಡದೆ ಬರೆದಿಟ್ಟಿದ್ದಾರೆ.