ಕಥನ ಬರವಣಿಗೆಯ ಕಲಿಕೆ

ಕಥನ ಬರವಣಿಗೆಯ ಕಲಿಕೆ ಎಂದರೆ ಸಣ್ಣ ಕಥೆ, ಕಾದಂಬರಿ ಮೊದಲಾದ ಕಲ್ಪಿತ ಗದ್ಯವನ್ನು ರಚಿಸುವ ಸಾಮರ್ಥ್ಯವನ್ನು ಓದು, ಅಭ್ಯಾಸ, ತಿದ್ದುಪಡಿ ಹಾಗೂ ಇತರರ ವಿಮರ್ಶೆಯ ಮೂಲಕ ಬೆಳೆಸಿಕೊಳ್ಳುವ ಕ್ರಮ. ಬರೆಯುವ ಶಕ್ತಿ ಹುಟ್ಟಿನಿಂದ ಬರುವುದೋ, ಕಲಿಕೆಯಿಂದ ಲಭಿಸುವುದೋ ಎಂಬ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸಕರೂ ಆಧುನಿಕ ವಿಶ್ವವಿದ್ಯಾಲಯಗಳೂ ಚರ್ಚಿಸಿವೆ. ಪ್ರತಿಭೆಯನ್ನು ಕಲಿಸಲಾಗದೆಂದು ನಂಬುವವರು ಕೂಡ, ಬರೆದುದನ್ನು ಪರೀಕ್ಷಿಸಿ ತಿದ್ದುವ ವಿವೇಕವನ್ನು ಕಲಿಯಬಹುದೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಆ ತಿದ್ದುವಿಕೆಯಲ್ಲಿ ಇತರರ ಮಾತಿಗೆ ಎಷ್ಟು ಅಧಿಕಾರವಿರಬೇಕು ಎಂಬುದು ಮಾತ್ರ ಇಂದಿಗೂ ವಿವಾದದ ವಿಷಯವಾಗಿದೆ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ

ಸಂಸ್ಕೃತ ಲಾಕ್ಷಣಿಕರು ಈ ಪ್ರಶ್ನೆಯನ್ನು 'ಕಾವ್ಯಹೇತು' ಎಂಬ ಹೆಸರಿನಲ್ಲಿ ವಿವೇಚಿಸಿದ್ದಾರೆ. ಅವರ ದೃಷ್ಟಿಯಲ್ಲಿ ಕಾವ್ಯವೆಂದರೆ ಪದ್ಯ ಮಾತ್ರವಲ್ಲ. ಕಥೆ, ಆಖ್ಯಾಯಿಕೆ ಎಂಬ ಗದ್ಯ ಪ್ರಕಾರಗಳೂ ಅದರಲ್ಲಿ ಸೇರಿದ್ದವು. ದಂಡಿಯು ತನ್ನ 'ಕಾವ್ಯಾದರ್ಶ'ದಲ್ಲಿ ಸಹಜ ಪ್ರತಿಭೆ, ನಿರ್ಮಲವಾದ ವಿದ್ಯೆ ಹಾಗೂ ಬಿಡದ ಅಭ್ಯಾಸಗಳನ್ನು ಕಾರಣಗಳೆಂದು ಹೇಳಿ, ಹುಟ್ಟು ಪ್ರತಿಭೆ ಇಲ್ಲದವನಿಗೂ ಓದು ಮತ್ತು ಪ್ರಯತ್ನಗಳಿಂದ ವಾಗ್ದೇವಿಯ ಅನುಗ್ರಹ ಸ್ವಲ್ಪಮಟ್ಟಿಗೆ ದೊರೆಯುವುದೆಂದು ಅಭಿಪ್ರಾಯಪಡುತ್ತಾನೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಸೇರಿ ಒಂದೇ ಹೇತುವಾಗುತ್ತವೆ ಎನ್ನುತ್ತಾನೆ. ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ನಡೆಯುವ ಅಭ್ಯಾಸವೇ ಅವನಿಗೆ ಸಮ್ಮತವಾದದ್ದು. 17ನೆಯ ಶತಮಾನದ ಜಗನ್ನಾಥ ಪಂಡಿತನು ಪ್ರತಿಭೆಯೊಂದೇ ಕಾರಣವೆಂದು ವಾದಿಸಿದರೂ, ಆ ಪ್ರತಿಭೆಯೇ ವ್ಯುತ್ಪತ್ತಿ ಮತ್ತು ಅಭ್ಯಾಸಗಳಿಂದ ಹುಟ್ಟಬಹುದೆಂದು ಒಪ್ಪುತ್ತಾನೆ.

ರಾಜಶೇಖರನ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿಯೇ ನಿರೂಪಿತವಾಗಿದೆ. ಹಗಲಿನ ನಾಲ್ಕು ಪ್ರಹರಗಳಲ್ಲಿ ಮೊದಲನೆಯದು ಅಧ್ಯಯನಕ್ಕೆ, ಎರಡನೆಯದು ರಚನೆಗೆ, ಮೂರನೆಯದು ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ಬರೆದುದರ ಪರೀಕ್ಷೆಗೆ ಮೀಸಲಾಗಿದೆ. ರಚಿಸುವ ಶಕ್ತಿಯನ್ನು 'ಕಾರಯಿತ್ರೀ' ಎಂದೂ, ಸವಿದು ವಿವೇಚಿಸುವ ಶಕ್ತಿಯನ್ನು 'ಭಾವಯಿತ್ರೀ' ಎಂದೂ ಅವನು ವಿಂಗಡಿಸುತ್ತಾನೆ. ವಿಮರ್ಶಕರಲ್ಲಿ ಯಾವುದನ್ನೂ ಮೆಚ್ಚದವರು, ಎಲ್ಲವನ್ನೂ ಮೆಚ್ಚುವವರು, ಮತ್ಸರಿಗಳು ಹಾಗೂ ತತ್ತ್ವವನ್ನರಿತು ನುಡಿಯುವವರು ಎಂಬ ಭೇದಗಳನ್ನೂ ತೋರಿಸುತ್ತಾನೆ.

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ' (ಸುಮಾರು 850) ಬರೆಯುವವರಿಗೆ ಮಾರ್ಗದರ್ಶನ ನೀಡುವ ಕೃತಿಯೇ ಆಗಿದೆ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸುವ ಈ ಗ್ರಂಥದ ಮೊದಲ ಪರಿಚ್ಛೇದವು ದೋಷಗಳ ವಿವೇಚನೆಗೆ ಮೀಸಲಾಗಿದೆ. ಕನ್ನಡ ನಾಡಿನ ಜನ ಶಾಸ್ತ್ರೋಕ್ತವಾಗಿ ಓದದೆಯೂ ಕಾವ್ಯರಚನೆಯಲ್ಲಿ ನಿಪುಣರೆಂದು ಹೊಗಳುವುದೂ ಇದೇ ಗ್ರಂಥ.

ಹಿರಿಯರ ಸಲಹೆ

ರಷ್ಯಾದ ಕಥೆಗಾರ ಆಂಟನ್ ಚೆಕಾಫ್ ಆರಂಭದಲ್ಲಿ ಹಾಸ್ಯಪತ್ರಿಕೆಗಳಿಗೆ ಅವಸರದಲ್ಲಿ ಬರೆಯುತ್ತಿದ್ದರು. 1886ರಲ್ಲಿ ಹಿರಿಯ ಲೇಖಕ ದ್ಮಿತ್ರಿ ಗ್ರಿಗೊರೊವಿಚ್ ಅವರಿಗೆ ಪತ್ರ ಬರೆದು, ತಮ್ಮ ಪ್ರತಿಭೆಯನ್ನು ಗೌರವಿಸಿ ನಿಧಾನವಾಗಿ ಬರೆಯುವಂತೆ ಸೂಚಿಸಿದರು. ಯಾವ ಕಥೆಗೂ ಒಂದು ದಿನಕ್ಕಿಂತ ಹೆಚ್ಚು ಸಮಯ ಕೊಟ್ಟ ನೆನಪಿಲ್ಲವೆಂದು ಚೆಕಾಫ್ ಉತ್ತರದಲ್ಲಿ ಒಪ್ಪಿಕೊಂಡರು. ಅದೇ ವರ್ಷ ಅವರು ತಮ್ಮ ಅಣ್ಣ ಅಲೆಕ್ಸಾಂಡರ್‌ಗೆ ಬರೆದ ಪತ್ರದಲ್ಲಿ, ಬೆಳದಿಂಗಳ ರಾತ್ರಿಯನ್ನು ಕಾಣಿಸಲು ದೀರ್ಘ ವರ್ಣನೆ ಬೇಕಿಲ್ಲ, ಒಡೆದ ಬಾಟಲಿಯ ಹೊಳಪಿನಂಥ ಸಣ್ಣ ವಿವರ ಸಾಕು ಎಂದು ವಿವರಿಸಿದ್ದಾರೆ.

ವಿಶ್ವವಿದ್ಯಾಲಯಗಳ ಕಾರ್ಯಾಗಾರ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು 1922ರಲ್ಲಿ ಸೃಜನಶೀಲ ಕೃತಿಯನ್ನು ಉನ್ನತ ಪದವಿಯ ಪ್ರಬಂಧವಾಗಿ ಸ್ವೀಕರಿಸಲು ಒಪ್ಪಿತು. ಅಲ್ಲಿನ ಬರಹಗಾರರ ಕಾರ್ಯಾಗಾರ 1936ರಲ್ಲಿ ಸ್ಥಾಪನೆಯಾಯಿತು. ಕಥೆಗಾರ್ತಿ ಫ್ಲಾನರಿ ಒ'ಕಾನರ್ ಅಲ್ಲಿ ಕಲಿತವರಲ್ಲಿ ಪ್ರಮುಖರು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ 1970ರಲ್ಲಿ ಇಂಥ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದರು. ಇಯಾನ್ ಮೆಕ್‌ಇವಾನ್ ಅದರ ಮೊದಲ ವಿದ್ಯಾರ್ಥಿ. 2017ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಜುವೊ ಇಶಿಗುರೊ ಕೂಡ ಅಲ್ಲಿಯೇ ಕಲಿತವರು.

ಕಾರ್ಯಾಗಾರದ ಸಾಮಾನ್ಯ ಕ್ರಮದಲ್ಲಿ ಒಬ್ಬ ವಿದ್ಯಾರ್ಥಿಯ ಕಥೆಯ ಪ್ರತಿಗಳನ್ನು ಎಲ್ಲರೂ ಮುಂಚಿತವಾಗಿ ಓದಿಕೊಂಡು ಬರುತ್ತಾರೆ. ನಿರೂಪಣೆಯ ದೃಷ್ಟಿಕೋನ, ಪಾತ್ರಗಳ ಮಾತು, ವಿವರಗಳ ಆಯ್ಕೆ, ಮುಕ್ತಾಯ ಮುಂತಾದವುಗಳ ಚರ್ಚೆ ನಡೆಯುವಾಗ ಕಥೆಗಾರ ಮೌನವಾಗಿರುತ್ತಾನೆ. ಓದುಗನೆದುರು ನಿಂತು ವಿವರಣೆ ಕೊಡುವ ಅವಕಾಶ ಕಥೆಗಾರನಿಗೆ ಇರುವುದಿಲ್ಲವೆಂಬುದೇ ಈ ನಿಯಮದ ಹಿಂದಿನ ತರ್ಕ.

ಸಂಪಾದಕರ ಪಾತ್ರ

ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಅವರ ಬದುಕಿನಲ್ಲಿ ತಿದ್ದುವಿಕೆಯ ಎರಡು ಮುಖಗಳೂ ಕಾಣುತ್ತವೆ. ಅವರ ಗುರು, ಕಾದಂಬರಿಕಾರ ಜಾನ್ ಗಾರ್ಡ್ನರ್, ವಿದ್ಯಾರ್ಥಿಯ ಹಸ್ತಪ್ರತಿಯನ್ನು ಪದಪದವಾಗಿ ಪರಿಶೀಲಿಸಿ ಚರ್ಚಿಸುತ್ತಿದ್ದರು; ಬರೆಯಲು ಸ್ಥಳವಿಲ್ಲದ ಕಾರ್ವರ್‌ಗೆ ತಮ್ಮ ಕಚೇರಿಯ ಬೀಗದ ಕೈಯನ್ನೂ ಕೊಟ್ಟಿದ್ದರು. ಮುಂದೆ ಸಂಪಾದಕ ಗಾರ್ಡನ್ ಲಿಶ್, 1981ರಲ್ಲಿ ಪ್ರಕಟವಾದ ಸಂಕಲನದ ಕೆಲವು ಕಥೆಗಳನ್ನು ಅರ್ಧಕ್ಕಿಂತಲೂ ಹೆಚ್ಚು ಕತ್ತರಿಸಿದರು. ಪ್ರಕಟಣೆಯನ್ನು ನಿಲ್ಲಿಸುವಂತೆ ಕಾರ್ವರ್ 1980ರಲ್ಲಿ ಪತ್ರ ಬರೆದು ಬೇಡಿಕೊಂಡರೂ ಪುಸ್ತಕ ಹೊರಬಂದಿತು. ಅದು ಅವರಿಗೆ ದೊಡ್ಡ ಕೀರ್ತಿಯನ್ನೂ ತಂದಿತು. ಕಾರ್ವರ್ 1988ರಲ್ಲಿ ನಿಧನರಾದರು. ಅವರ ಮೂಲ ಪಾಠ 'ಬಿಗಿನರ್ಸ್' ಎಂಬ ಹೆಸರಿನಲ್ಲಿ 2009ರಲ್ಲಿ ಬೆಳಕಿಗೆ ಬಂದಿತು. ಎರಡರಲ್ಲಿ ಯಾವುದು ಉತ್ತಮವೆಂಬ ಬಗ್ಗೆ ಓದುಗರಲ್ಲಿ ಒಮ್ಮತವಿಲ್ಲ.

ಕನ್ನಡದಲ್ಲಿ

ಆಧುನಿಕ ಕನ್ನಡದಲ್ಲಿ ಕಥೆಗಾರರ ಕಲಿಕೆ ಹೆಚ್ಚಾಗಿ ತರಗತಿಯ ಹೊರಗೆ, ಪತ್ರಿಕೆಗಳು, ಕಥಾಸ್ಪರ್ಧೆಗಳು ಮತ್ತು ಸಾಹಿತ್ಯಿಕ ಒಡನಾಟಗಳ ಮೂಲಕ ನಡೆದಿದೆ. ಸಣ್ಣ ಕಥೆಗೆ ಭದ್ರ ನೆಲೆ ಒದಗಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಜೀವನ' ಪತ್ರಿಕೆಯ ಸಂಪಾದಕರಾಗಿದ್ದರು. ಯು. ಆರ್. ಅನಂತಮೂರ್ತಿಯವರು 'ಸಂಸ್ಕಾರ' (1965) ಕಾದಂಬರಿಯನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ. ಮಾಲ್ಕಂ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್ ಅವರ ಚಲನಚಿತ್ರವೊಂದನ್ನು ನೋಡಿದ ಬಳಿಕ ನಡೆದ ಮಾತುಕತೆ ಅದಕ್ಕೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ 'ಲಂಕೇಶ್ ಪತ್ರಿಕೆ' ಹಲವು ಹೊಸ ಲೇಖಕರಿಗೆ ವೇದಿಕೆಯಾಯಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಅದರಲ್ಲಿ ಧಾರಾವಾಹಿಯಾಗಿ ಬಂದಿತು. 2025ರಲ್ಲಿ ಅನುವಾದಕಿ ದೀಪಾ ಭಾಸ್ತಿಯವರೊಡನೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅದೇ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ದುಡಿದವರು.

ಟೀಕೆಗಳು

ಕಾರ್ಯಾಗಾರಗಳು ಒಂದೇ ಅಚ್ಚಿನ ಕಥೆಗಳನ್ನು ಹೊರತರುತ್ತವೆ ಎಂಬುದು ಹಳೆಯ ಆಕ್ಷೇಪ. ಮ್ಯಾಥ್ಯೂ ಸಲೆಸೆಸ್ ತಮ್ಮ 2021ರ ಕೃತಿಯಲ್ಲಿ, ಬರವಣಿಗೆಯ ನಿಯಮಗಳೆಂದು ಕಲಿಸಲಾಗುವ ಅನೇಕ ಸಂಗತಿಗಳು ನಿರ್ದಿಷ್ಟ ಸಂಸ್ಕೃತಿಯ ಓದುಗರ ನಿರೀಕ್ಷೆಗಳಷ್ಟೇ ಎಂದು ವಾದಿಸಿದ್ದಾರೆ. ಬೇರೆ ಸಮುದಾಯದ ಓದುಗರಿಗಾಗಿ ಬರೆಯುವವರನ್ನು ಮೌನವಾಗಿ ಕೂರಿಸುವುದರಿಂದ, ಚರ್ಚೆಯು ಕಥೆಯ ಉದ್ದೇಶವನ್ನೇ ಬಿಟ್ಟು ಸಾಗಬಹುದೆಂಬ ಆಕ್ಷೇಪವೂ ಇದೆ. ಈ ಕಾರಣದಿಂದ ಕೆಲವು ಕಾರ್ಯಾಗಾರಗಳಲ್ಲಿ ಕಥೆಗಾರನೇ ಪ್ರಶ್ನೆಗಳನ್ನು ಮುಂದಿಟ್ಟು ಚರ್ಚೆಯನ್ನು ನಡೆಸುವ ಕ್ರಮ ಬಳಕೆಗೆ ಬಂದಿದೆ.