ಕೌದಿಯೊಳಗಿನ ಚರಿತ್ರೆ

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿಯ ಮಂಟಪದ ನಡುವೆ ನಿಂತು ತಲೆಯೆತ್ತಿದರೆ, ಕೆಳಮುಖವಾಗಿ ಅರಳಿ ತೂಗುವ ಕಲ್ಲಿನ ಕಮಲವೊಂದು ಕಾಣುತ್ತದೆ. ಚಾಲುಕ್ಯರ ಕಾಲದ ಆ ಶಿಲ್ಪಿಯ ಹೆಸರು ನಮಗೆ ತಿಳಿಯದಿದ್ದರೂ ಅವನ ಕೆಲಸ ನಿಂತಿದೆ. ಊರಿಗೆ ಪಾನುಂಗಲ್ಲು ಎಂಬ ಹೆಸರಿದ್ದುದು, ಅದು ಐನೂರರ ನಾಡಿಗೆ ಮುಖ್ಯಪಟ್ಟಣವಾಗಿದ್ದುದು, ಕದಂಬರ ಒಂದು ಶಾಖೆ ಅಲ್ಲಿಂದ ಆಳಿದ್ದು, ಇವನ್ನೆಲ್ಲ ಶಾಸನಗಳು ಹೇಳುತ್ತವೆ. ದೇವರ ನಂದಾದೀಪಕ್ಕೆ ಎಣ್ಣೆ ಬಿಟ್ಟವರಾರು, ತುರುಗಳನ್ನು ಕಾಯುತ್ತ ಮಡಿದವರಾರು, ಕೆರೆಯ ಕೆಳಗಿನ ಗದ್ದೆಯನ್ನು ದತ್ತಿ ಕೊಟ್ಟವರಾರು ಎಂಬುದೂ ಕಲ್ಲಿನಲ್ಲಿದೆ. ಆದರೆ ಆ ಪಾನುಂಗಲ್ಲಿನಲ್ಲಿ ಮಾಗಿಯ ರಾತ್ರಿ ಒಬ್ಬ ತಾಯಿ ತನ್ನ ಮಗುವಿಗೆ ಏನನ್ನು ಹೊದಿಸಿದಳು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಇಂದಿನ ಮಾತಿಗೆ ನಾನು ಆರಿಸಿಕೊಂಡ ವಸ್ತು ಅಂಥದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಯಾವ ಹಳ್ಳಿಯ ಮನೆಗೆ ಹೋದರೂ, ಒಳಕೋಣೆಯ ಗಳದ ಮೇಲೆ ಮಡಿಚಿ ಹಾಕಿದ ಕೌದಿಗಳನ್ನು ಕಾಣುತ್ತಿದ್ದೆವು. ಕೌದಿ ಎಂದರೆ ಹಳೆಯ ಸೀರೆ, ಧೋತರ, ಅಂಗಿ, ಪರಕಾರಗಳ ತುಂಡುಗಳನ್ನು ಪದರ ಪದರವಾಗಿ ಇರಿಸಿ, ದಪ್ಪ ನೂಲಿನಿಂದ ಹೊಲಿದ ಹೊದಿಕೆ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಚಿದರೆ ತಲೆದಿಂಬು. ಬಂಡಿಯಲ್ಲಿ ಜಾತ್ರೆಗೆ ಹೊರಟಾಗ ಹುಲ್ಲಿನ ಮೇಲೆ ಹರಡಿದರೆ ಅದೇ ಮೆತ್ತೆ.

ಅದನ್ನು ಹೊಲಿಯುವ ಕ್ರಮವನ್ನು ಸ್ವಲ್ಪ ಹೇಳಬೇಕು. ಸುಗ್ಗಿ ಮುಗಿದು ಮಳೆ ಇನ್ನೂ ಬಾರದ ಬೇಸಗೆಯ ಮಧ್ಯಾಹ್ನಗಳು ಅದರ ಕಾಲ. ಪಡಸಾಲೆಯ ನೆಲದ ಮೇಲೆ ಅಗಲವಾದ ಒಂದು ಹಳೆಯ ಸೀರೆಯನ್ನು ಹಾಸಿ, ಸುಕ್ಕು ಬಾರದಂತೆ ನಾಲ್ಕು ಮೂಲೆಗೆ ಕಲ್ಲು ಹೇರುತ್ತಾರೆ. ಅದರ ಮೇಲೆ ತೀರ ಜೀರ್ಣವಾದ ಬಟ್ಟೆಗಳು ಹೊಟ್ಟೆಗೆ ಹೋಗುತ್ತವೆ. ಇನ್ನೂ ಬಣ್ಣ ಉಳಿದವು ಮೇಲಕ್ಕೆ ಬರುತ್ತವೆ. ಇಳಕಲ್ಲ ಸೀರೆಯ ಕೆಂಪು ಸೆರಗು ದೊರೆತರೆ ಅದಕ್ಕೆ ಕಣ್ಣಿಗೆ ಬೀಳುವ ಜಾಗ. ಅನಂತರ ಅಂಚಿನಿಂದ ಹೊಲಿಗೆ ಆರಂಭವಾಗುತ್ತದೆ. ಸೂಜಿ ಅಂಚನ್ನು ಸುತ್ತಿ, ಮೂಲೆಯಲ್ಲಿ ತಿರುಗಿ, ಒಂದರೊಳಗೊಂದು ಚೌಕವಾಗಿ ಒಳಗೆ ಒಳಗೆ ಸಾಗಿ, ಕಡೆಗೆ ನಟ್ಟನಡುವೆ ಬಂದು ನಿಲ್ಲುತ್ತದೆ. ಇಬ್ಬರು ಕುಳಿತರೆ ಕೆಲಸ ಬೇಗ ಸಾಗುತ್ತದೆ, ಮಾತೂ ಸಾಗುತ್ತದೆ. ನಮ್ಮ ಅವ್ವ ಕೊನೆಯ ಹೊಲಿಗೆ ಮುಚ್ಚುವ ಮುನ್ನ ನಾಲ್ಕು ಕಾಳು ಜೋಳವನ್ನು ಒಳಗಿಡುತ್ತಿದ್ದಳು. ಹಸಿದ ಕೌದಿಯನ್ನು ಹೊದೆಯಬಾರದೆಂಬುದು ಅವಳ ನಂಬಿಕೆ. ನಮಗೆ ನೆರೆಯ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನ ಸಿದ್ದಿ ಹೆಣ್ಣುಮಕ್ಕಳು ಮೂಲೆಗಳಿಗೆ ಮುಕ್ಕೋನದ ತುಂಡುಗಳನ್ನು ಹಚ್ಚಿ ಅವನ್ನು ಹೂವೆಂದು ಕರೆಯುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಇದಕ್ಕೆ ಚರಿತ್ರೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಂಥೆ ಎಂಬ ಮಾತು ನಮ್ಮ ಹಳೆಯ ಕಾವ್ಯಗಳಲ್ಲಿ ಜೋಗಿಗಳ ತೇಪೆಯ ಹೊದಿಕೆಗೆ ಬಳಕೆಯಾಗಿದೆ. ಬಂಗಾಳದಲ್ಲಿ ಅದು ಇಂದಿಗೂ ಕಾಂಥಾ. ಮರಾಠಿಯವರ ಗೋಧಡಿ ಅದರ ಅಕ್ಕತಂಗಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದ. ನೂಲುವ ಕಾಯಕದ ಕದಿರ ರೆಮ್ಮವ್ವೆ ಎಂಬವಳಿದ್ದಳು. ಸೂಜಿ, ಕದಿರುಗಳು ಹೆಸರಿನ ಮುಂದೆ ಬಿರುದಿನಂತೆ ನಿಂತದ್ದು ಸಣ್ಣ ಸಂಗತಿಯಲ್ಲ. ಅರಸರ ಬಿರುದುಗಳು ಗೆದ್ದ ಊರುಗಳಿಂದ ಬಂದರೆ ಇವರ ಬಿರುದುಗಳು ಕೈಯ ಕೆಲಸದಿಂದ ಬಂದವು.

ನಮ್ಮ ಈ ನಾಡಿನ ದೊಡ್ಡವರೂ ಮನೆಯೊಳಗಿನ ವಸ್ತುಗಳನ್ನು ಕೀಳೆಂದು ಕಂಡವರಲ್ಲ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಬಡವರ ರಾಗಿಯನ್ನು ಅಕ್ಕಿಯ ಎದುರು ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದರು. ಅದೇ ತಾಲೂಕಿನ ಶಿಶುನಾಳದ ಶರೀಫರು (1819–1889) ಸೋರುವ ಮಾಳಿಗೆಯನ್ನು ಕಂಡು ಪದ ಕಟ್ಟಿದರು. ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಸೋರುವ ಮಾಳಿಗೆಯದು. ತತ್ತ್ವ ಹೇಳಲು ಅವರಿಗೆ ಅದಕ್ಕಿಂತ ದೂರ ಹೋಗಬೇಕೆನಿಸಲಿಲ್ಲ. ಸರ್ವಜ್ಞನನ್ನು ಹಿರೇಕೆರೂರು ಸೀಮೆಯವನೆಂದೇ ಜನ ನಂಬಿದ್ದಾರೆ. ಅವನ ತಾಯಿ ಅಂಬಲೂರಿನ ಕುಂಬಾರ ಮನೆತನದವಳೆಂದು ಹೇಳಿಕೆ. ಅನುಭಾವಕ್ಕೆ ಮನೆಯನ್ನು ಬಿಟ್ಟು ಹೋಗಲೇಬೇಕೆಂಬ ಮಾತನ್ನು ಈ ನೆಲ ಪೂರ್ತಿಯಾಗಿ ಒಪ್ಪಿದಂತೆ ತೋರುವುದಿಲ್ಲ.

ಇನ್ನು ಬಟ್ಟೆಯ ಮಾತು. ಹಾನಗಲ್ಲಿನದು ಅರೆಮಲೆನಾಡು, ಬತ್ತದ ನೆಲ. ಸವಣೂರು, ಶಿಗ್ಗಾಂವಿಗಳಲ್ಲಿ ಜೋಳ, ಹತ್ತಿ. 1884ರಲ್ಲಿ ಮುಂಬಯಿ ಸರಕಾರ ಪ್ರಕಟಿಸಿದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರನ್ನು ತೆರೆದರೆ, ಹಿರೇಕೆರೂರ ಭಾಗ ಕೋಡ ತಾಲೂಕೆಂಬ ಹೆಸರಿನಲ್ಲಿ, ಶಿಗ್ಗಾಂವಿ ಭಾಗ ಬಂಕಾಪುರ ತಾಲೂಕೆಂಬ ಹೆಸರಿನಲ್ಲಿ ಸಿಕ್ಕುತ್ತವೆ. ಸವಣೂರು ಆಗ ನವಾಬರ ಸಂಸ್ಥಾನ. ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರುವುದು ನಿಂತಿತು. ಆಗ ನಮ್ಮ ಅರಳೆಗೆ ಎಂದೂ ಕಾಣದ ಬೆಲೆ ಬಂದಿತು. ಬಂಡಿಗಳು ಘಟ್ಟವಿಳಿದು ಕುಮಟೆಯ ಬಂದರಿಗೆ ಹೋದವು. ಈ ಸೀಮೆಯ ದೇಶೀ ಹತ್ತಿಗೆ 'ಕುಮಟಾ' ಎಂಬ ಹೆಸರು ಬಿದ್ದುದೇ ಹಾಗೆ. ಯುದ್ಧ ಮುಗಿಯಿತು, ಬೆಲೆ ಇಳಿಯಿತು. ಅರಳೆ ಹೋದ ದಾರಿಯಿಂದಲೇ ಗಿರಣಿಯ ನೂಲು, ಗಿರಣಿಯ ಬಟ್ಟೆ ಬಂದವು. 1880ರ ದಶಕದಲ್ಲಿ ಹಾವೇರಿಯ ಮೇಲೆ ಹಾದು ರೈಲು ಬಂದ ಮೇಲಂತೂ ಮನೆಯ ರಾಟಿ ಮೂಲೆ ಸೇರಿತು.

ಆದರೆ ಕೌದಿ ಮೂಲೆ ಸೇರಲಿಲ್ಲ. ಗಿರಣಿಯ ಬಟ್ಟೆಯೂ ಒಂದು ದಿನ ಹರಿಯಲೇಬೇಕಷ್ಟೆ! ಮ್ಯಾಂಚೆಸ್ಟರಿನ ಚೀಟಿನ ಬಟ್ಟೆ ಹರಿದ ಮೇಲೆ ನಮ್ಮ ಅಜ್ಜಿಯರ ಕೈಗೆ ಬಂದು, ಹಾನಗಲ್ಲಿನ ಕೈಮಗ್ಗದ ತುಂಡಿನ ಪಕ್ಕದಲ್ಲಿ ಸಮನಾಗಿ ಕುಳಿತಿತು. ಜಗತ್ತಿನ ವ್ಯಾಪಾರ ನಮ್ಮ ಹಳ್ಳಿಯ ನೆಲಕ್ಕೆ ಬಂದು ಮುಟ್ಟಿದ ಬಗೆಯನ್ನು ತಿಳಿಯಬೇಕಾದರೆ, ಅಂಕಿಸಂಖ್ಯೆಯ ಕೋಷ್ಟಕದಷ್ಟೇ ಹಳೆಯ ಕೌದಿಯನ್ನೂ ಓದಬೇಕೆಂದು ನನಗನ್ನಿಸುವುದು ಇದರಿಂದ.

ಇದನ್ನು ಬಣ್ಣಿಸುತ್ತ ಬಡತನವನ್ನು ಸಿಂಗರಿಸುವ ತಪ್ಪು ಆಗಬಾರದು. ಹೊಸ ಹೊದಿಕೆ ಕೊಳ್ಳಲಾರದ ಮನೆಯಲ್ಲಿ ಕೌದಿ ಹುಟ್ಟಿತು. ಹೊಲದ ಕೆಲಸ, ಒಲೆಯ ಕೆಲಸ ಎರಡೂ ಮುಗಿದ ಮೇಲೆ ಉಳಿದ ಕಣ್ಣಿನ ಬೆಳಕು ಅದಕ್ಕೆ ಸಂದಿತು. ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯುತ್ತಿದ್ದರು. ಅವರಿಗೆ ಸಿಗುತ್ತಿದ್ದುದು ಒಂದಿಷ್ಟು ಜೋಳ, ಒಂದು ಹಳೆಯ ಸೀರೆ. ದಸರೆಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವುದು ಹಬ್ಬದ ಸಂಭ್ರಮದಂತೆ ನಮಗೆ, ಹುಡುಗರಿಗೆ, ತೋರುತ್ತಿತ್ತು. ನೀರು ಕುಡಿದ ಕೌದಿಯ ಭಾರ ಎತ್ತಿದವರಿಗೆ ಅದು ಬೇರೆ ರೀತಿ ತೋರಿರಬೇಕು.

ಈಗ ನನ್ನ ಸ್ವಂತದ ಒಂದು ಮಾತು. ನಾನು ಹಾನಗಲ್ಲ ತಾಲೂಕಿನ ಹಳ್ಳಿಯವನು. 1975ರಲ್ಲಿ ಕಾಲೇಜಿಗೆಂದು ಧಾರವಾಡಕ್ಕೆ ಹೊರಟಾಗ ಅವ್ವ ಟ್ರಂಕಿನಲ್ಲಿ ಒಂದು ಕೌದಿ ಇಟ್ಟಿದ್ದಳು. ವಸತಿಗೃಹದಲ್ಲಿ ನನ್ನ ಕೋಣೆಯವರೆಲ್ಲ ಸೊಲ್ಲಾಪುರದ ಚಾದರ ಹೊದೆಯುವವರು. ನಾನು ಎರಡು ತಿಂಗಳು ಕೌದಿಯನ್ನು ಟ್ರಂಕಿನಿಂದ ಹೊರಗೆ ತೆಗೆಯದೆ, ಧೋತರ ಹೊದ್ದು ನಡುಗಿದೆ. ವಿದ್ಯಾರ್ಥಿವೇತನ ಬಂದ ದಿನ ಚಾದರ ಕೊಂಡೆ. ದೀಪಾವಳಿಗೆ ಊರಿಗೆ ಹೋಗುವಾಗ ಕೌದಿಯನ್ನು ಮರಳಿ ಒಯ್ದು ಗಳದ ಮೇಲೆ ಹಾಕಿದೆ. ಅವ್ವ ನೋಡಿದಳು. "ಯಾಕಪ್ಪಾ, ಅಲ್ಲಿ ಥಂಡಿ ಹತ್ತೂದಿಲ್ಲೇನು?" ಎಂದಳು. ಇಲ್ಲವೆಂದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ನಾಲ್ಕು ದಶಕಗಳು ಕಳೆದವು. ಅವ್ವ ಕಡೆಗಾಲದಲ್ಲಿ ನಮ್ಮೊಡನೆ ಪಟ್ಟಣದ ಮನೆಯಲ್ಲಿದ್ದಳು, ಕಣ್ಣು ಮಂಜಾಗಿದ್ದವು. ಒಂದು ಚಳಿಗಾಲ ಆ ಹಳೆಯ ಕೌದಿಯೇ ಬೇಕೆಂದಳು. ಹೊದಿಸಿದಾಗ ಅವಳ ಬೆರಳುಗಳು ಅದರ ಮೇಲೆ ಓಡಾಡತೊಡಗಿದವು. ನೋಡಲಾರದವಳು ಮುಟ್ಟಿ ಹೇಳುತ್ತ ಹೋದಳು. ಇದು ನಿಮ್ಮಪ್ಪನ ಮದುವೆಯ ಧೋತರ. ಇದು ನಿಮ್ಮಜ್ಜಿಯ ಸೀರೆ, ಬರಗಾಲದ ವರ್ಷ ಹರಿದದ್ದು. ಒಂದು ಕಡೆ ಬೆರಳು ನಿಂತಿತು. "ಇದು ನಿಮ್ಮಕ್ಕನ ಪರಕಾರ" ಎಂದಳು.

ನನಗೊಬ್ಬ ಅಕ್ಕನಿದ್ದಳು. ಅವಳಿಗೆ ಏಳು, ನನಗೆ ನಾಲ್ಕು ವರ್ಷವಿದ್ದಾಗ ಜ್ವರದಲ್ಲಿ ಹೋದಳು. ಅವಳ ಮುಖ ನನಗೆ ನೆನಪಿಲ್ಲ. ಫೋಟೋ ತೆಗೆಸುವ ರೂಢಿ ನಮ್ಮಂಥ ಮನೆಗಳಲ್ಲಿ ಆಗ ಇರಲಿಲ್ಲ. ಶಾಲೆಯ ದಾಖಲೆಗೆ ಅವಳ ಹೆಸರು ಸೇರಿರಲಿಲ್ಲ. ಹಸಿರು ಬಳ್ಳಿಯ ಚಿತ್ತಾರದ, ನಾಲ್ಕು ಬೆರಳಗಲದ ಆ ಚೀಟಿನ ತುಂಡು ಬಿಟ್ಟರೆ, ಅವಳು ಈ ಭೂಮಿಯ ಮೇಲೆ ಏಳು ವರ್ಷ ಓಡಾಡಿದ್ದಕ್ಕೆ ಬೇರೆ ಯಾವ ಆಧಾರವೂ ಇಲ್ಲ. ನಾನು ನಾಚಿ ಟ್ರಂಕಿನೊಳಗೆ ಮುಚ್ಚಿಟ್ಟಿದ್ದು ಅದನ್ನು.

ಮೂವತ್ತು ವರ್ಷ ತರಗತಿಯಲ್ಲಿ ಪಾಠಾಂತರಗಳನ್ನು ಚರ್ಚಿಸಿದವನು ನಾನು. ಯಾವ ಓಲೆಗರಿಯಲ್ಲಿ ಯಾವ ಅಕ್ಷರ ಬಿದ್ದುಹೋಗಿದೆ, ಪ್ರತಿಕಾರ ಎಲ್ಲಿ ತಪ್ಪಿದ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ. ಕರ್ತೃವು ನನ್ನ ಮನೆಯಲ್ಲಿಯೇ ಬದುಕಿದ್ದಾಗ ಈ ಒಂದು ಗ್ರಂಥದ ಅರ್ಥವನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಅಂದು ಅವ್ವ ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕೆಂದು ಹೊಳೆಯುವ ಮುನ್ನವೇ ಅವಳು ತೀರಿಕೊಂಡಳು. ಈಚೆಗೆ ಕುಳಿತು ಎಣಿಸಿದೆ. ಕೌದಿಯ ಮೇಲ್ಪದರದಲ್ಲಿ 143 ತುಂಡುಗಳಿವೆ. ಯಾರವೆಂದು ನಾನು ಹೇಳಬಲ್ಲವು 11.

ಕೌದಿ ನಮ್ಮ ಮನೆಗಳಿಂದ ಹೊರಬಿದ್ದುದಕ್ಕೆ ಕಾರಣಗಳು ಸರಳವಾದವು. ಪಾಲಿಯೆಸ್ಟರ್ ಬಟ್ಟೆ ಬೇಗ ಹರಿಯುವುದಿಲ್ಲ. ಹರಿದರೂ ಅದಕ್ಕೆ ಹತ್ತಿಯ ಬಿಸುಪಿಲ್ಲ, ಬೆವರು ಹೀರುವ ಗುಣವಿಲ್ಲ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವರು ಬಾಗಿಲಿಗೇ ಬಂದರು. ಎರಡು ಸೀರೆಗೆ ಒಂದು ಡಬ್ಬಿ. ಹೊಳೆಯುವ ಡಬ್ಬಿಯನ್ನು ಬಯಸಿದ ಹೆಣ್ಣುಮಕ್ಕಳನ್ನು ನಾನು ದೂರಲಾರೆ. ಸಿದ್ದಿ ಮಹಿಳೆಯರು 2004ರಲ್ಲಿ ಕೌದಿಗಾಗಿ ಒಂದು ಸಹಕಾರ ಸಂಘ ಕಟ್ಟಿಕೊಂಡರು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಜನಾಂಗದ ತಾಯಂದಿರು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಇಂಥವೇ ಹೊದಿಕೆಗಳು 2002ರಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳ ಗೋಡೆಗೇರಿ ಕೀರ್ತಿ ಪಡೆದವು. ನಮ್ಮ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕಾಗಿ ವಿಶ್ವವಿದ್ಯಾಲಯವೊಂದು 2011ರಲ್ಲಿ ಹುಟ್ಟಿತು. ಹತ್ತಿರದಲ್ಲಿಯೇ ಕಲಾವಿದ ಸೊಲಬಕ್ಕನವರ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಯಾವ ತುಂಡು ಯಾರದು ಎಂಬುದನ್ನು ವಿಶ್ವವಿದ್ಯಾಲಯವಾಗಲಿ ಸಂಗ್ರಹಾಲಯವಾಗಲಿ ಹೇಳಲಾರದು. ಅದನ್ನು ಬಲ್ಲವರು ನಿಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿರಬಹುದು. ಇಂದು ಸಂಜೆಯೇ ಅವರನ್ನು ಕೇಳಿ, ಒಂದು ಹಾಳೆಯ ಮೇಲೆ ಬರೆದುಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.

ಹೋದ ಮಳೆಗಾಲದಲ್ಲಿ ನಮ್ಮ ಕೌದಿಯ ಒಂದು ಮೂಲೆಯನ್ನು ಇಲಿ ಕಡಿಯಿತು. ನಾನೇ ಹೊಲಿಯುತ್ತೇನೆಂದು ಸೂಜಿ ಕೇಳಿದಾಗ ನನ್ನ ಮನೆಯವರು ನಕ್ಕರು. ಬಳಿಕ ನೂಲು ಪೋಣಿಸಿ ಕೊಟ್ಟು, ಎದುರಿಗೆ ಕುಳಿತು, ಪದರ ಹಿಡಿಯುವ ಬಗೆ ತೋರಿಸಿದರು. ನನ್ನದೇ ಒಂದು ಹಳೆಯ ಅಂಗಿಯ ತುಂಡನ್ನು ಹಚ್ಚಿದೆ. ಒಂದು ಗೇಣು ಹೊಲಿಯಲು ನನಗೆ ಮೂರು ಮಧ್ಯಾಹ್ನ ಹಿಡಿಯಿತು. ಆಗ ತಿಳಿಯಿತು, ಇಡೀ ಕೌದಿ ಎಂದರೆ ಎಷ್ಟು ಮಧ್ಯಾಹ್ನಗಳು ಎಂದು. ಹೊಲಿಗೆ ಸೊಟ್ಟಾಗಿದೆ. ಮೊಮ್ಮಗಳು ಅದನ್ನು ಕಂಡು ಇದೇನೆಂದು ಕೇಳಿದಳು. ನೋಟುಪುಸ್ತಕ ತೆಗೆದು 11 ತುಂಡುಗಳ ಹೆಸರನ್ನು ಅವಳಿಗೆ ಓದಿ ಹೇಳಿದೆ. ಹನ್ನೆರಡನೆಯದನ್ನು ಅವಳ ಕೈಯಿಂದಲೇ ಬರೆಸಿದೆ.

(ಆಕಾಶವಾಣಿ ಭಾಷಣ)